ಮಾವನ ಮಹಡಿ ಮೇಲಿನ ಚೊಂಬು

ನಮ್ಮೂರಿನ ಬಯಲು ಪ್ರತಿ ಯುಗಾದಿಗೂ ಒಂದಿಷ್ಟು ಕುಗ್ಗುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನು ವಿಮಾನ ರಿಪೇರಿ ಮಾಡುವ ಮೇಸ್ತ್ರಿ, ನೆಲ ರಿಪೇರಿ ಮಾಡುವವನಲ್ಲ. ಹಬ್ಬದ ಬೆಳಗ್ಗೆ ಎಣ್ಣೆನೀರು ಹಾಕಿಕೊಂಡು, ಬೇವುಬೆಲ್ಲ ಬಾಯಿಗಿಟ್ಟುಕೊಂಡು ಜಗಲಿಗೆ ಬಂದರೆ ಎದುರು ಸಾಲಿನ ಮನೆಗಳು ನಿನ್ನೆಗಿಂತ ಹತ್ತಿರ ಬಂದು ನಿಂತಿರುತ್ತವೆ, ಅಷ್ಟೆ. ಗೋಡೆ ಬಿರುಕು ಬಿಟ್ಟಿರುವುದಿಲ್ಲ, ಹೆಂಚು ಜಾರಿರುವುದಿಲ್ಲ, ಹಿತ್ತಿಲ ಕರಿಬೇವಿನ ಗಿಡದ ಒಂದೆಲೆಯೂ ಉದುರಿರುವುದಿಲ್ಲ. ನಡುವಿನ ಬಯಲು ಮಾತ್ರ ನೀರಿಗೆ ಹಾಕಿದ ಹೊಸ ಜುಬ್ಬದ ಹಾಗೆ ಗಿಡ್ಡವಾಗಿರುತ್ತದೆ.

ಜನ ಹೊಂದಿಕೊಂಡಿದ್ದಾರೆ. ಮೊದಲು ಬಯಲಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಬರಬರುತ್ತಾ ಹೊಡೆದದ್ದೆಲ್ಲ ಸಿಕ್ಸರ್ ಆಗತೊಡಗಿ, ಬೌಲಿಂಗ್ ಮಾಡುವವರು ಬೇಸತ್ತು, ಎಲ್ಲರೂ ಖೋಖೋಗೆ ಇಳಿದರು. ಈಗ ಖೋಖೋಗೂ ಜಾಗ ಸಾಲದೆ ಹಗ್ಗಜಗ್ಗಾಟ ಒಂದು ಉಳಿದಿದೆ. ಹೀಗಾಗಿ ನಮ್ಮೂರಿನ ಗಂಡಸರ ತೋಳು ನೋಡಬೇಕು ನೀವು, ಓಡು ಅಂದರೆ ಮಾತ್ರ ಏದುಸಿರು. ನಮ್ಮಪ್ಪನ ಕಾಲದಲ್ಲಿ ಎದುರು ಸಾಲಿನವರಿಗೆ ಏನಾದರೂ ಹೇಳಬೇಕಾದರೆ ಆಳು ಕಳಿಸುತ್ತಿದ್ದರಂತೆ. ನನ್ನ ಮದುವೆಯ ದಿಬ್ಬಣ ಈ ಕಡೆಯಿಂದ ಹೊರಟು ಆ ಕಡೆಯ ಹೆಣ್ಣಿನ ಮನೆ ಮುಟ್ಟುವಷ್ಟರಲ್ಲಿ ನಡುದಾರಿಯಲ್ಲಿ ಪಾನಕ ಕುಡಿಯಲು ನಿಂತಿತ್ತು. ಈಗ ನಮ್ಮ ಜಗಲಿಯಿಂದ ಗಂಟಲು ಬಿಚ್ಚಿ ಕೂಗಿದರೆ ಮಾವನ ಮನೆಗೆ ಕೇಳಿಸುತ್ತದೆ. ಅವರ ಮನೆಯ ಒಗ್ಗರಣೆ ನಮ್ಮ ಮನೆಗೆ ಬರುತ್ತದೆ.

ಊರಿನ ಸುತ್ತ ಬರೀ ಬಂಡೆ, ರಸ್ತೆ ಅನ್ನುವುದಿಲ್ಲ. ಕೆಳಗಿನೂರಿನಿಂದ ಕತ್ತೆಗಳ ಸಾಲೊಂದು ಆಗೀಗ ಹತ್ತಿ ಬರುತ್ತದೆ. ಮಿಕ್ಕಂತೆ ಔಷಧಿ, ಪೇಪರು, ಟಪಾಲು, ಯಾರಿಗಾದರೂ ಹೆಚ್ಚುಕಮ್ಮಿಯಾದರೆ ಡಾಕ್ಟರು, ಎಲ್ಲ ಬರುವುದು ಒಂದೇ ಒಂದು ಪುಟ್ಟ ವಿಮಾನದಲ್ಲಿ. ಅದನ್ನು ಹಾರಿಸುವವರು ದಸ್ತಗೀರ್ ಸಾಹೇಬರು. ನಮ್ಮ ಮನೆ ಪಡುವಣ ಸಾಲಿನಲ್ಲಿ, ಪಕ್ಕದ ಶೆಡ್ಡಿನಲ್ಲಿ ವಿಮಾನ. ಬೆಳಗಿನ ಹೊತ್ತು ನಮ್ಮಲ್ಲಿ ಮೂಡಣ ಗಾಳಿ. ವಿಮಾನ ಗಾಳಿಗೆ ಎದುರಾಗಿಯೇ ಏಳಬೇಕಾದ್ದರಿಂದ ನಮ್ಮ ಬಾಗಿಲ ಮುಂದೆ ಓಡಲು ಶುರು ಮಾಡಿ ಎದುರು ಸಾಲಿನ ಹೆಂಚುಗಳ ಮೇಲೆ ಹಾದು ಹೋಗುತ್ತದೆ.

ಬಯಲು ಕುಗ್ಗಿದಷ್ಟೂ ವಿಮಾನ ಬೇಗ ಏಳಬೇಕು, ಬೇಗ ನಿಲ್ಲಬೇಕು. ನನ್ನ ಕಸುಬೇ ಅದು. ಯುಗಾದಿ ಕಿತ್ತುಕೊಂಡದ್ದನ್ನು ದೀಪಾವಳಿಯೊಳಗೆ ರೆಕ್ಕೆಯಿಂದ ವಸೂಲು ಮಾಡಬೇಕು. ಮೊದಲು ಬಲೂನಿನಂಥ ದಪ್ಪ ಟೈರು ಹಾಕಿದೆ, ಕಲ್ಲುಮಣ್ಣು ಅನ್ನದೆ ಓಡಲಿ ಅಂತ. ಆಮೇಲೆ ಮೂಗಿನ ಪಂಖ ಬದಲಾಯಿಸಿ ಉದ್ದದ್ದು ಹಾಕಿದೆ. ವೇಗ ಹೋಯಿತು, ಎಳೆತ ಬಂತು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗೆ ಬಾಗುವ ಫ್ಲ್ಯಾಪುಗಳನ್ನು ಅಗಲ ಮಾಡಿದೆ. ಅದೂ ಸಾಲದಾದಾಗ ಮುಂದಿನ ಅಂಚಿಗೆ ಉದ್ದಕ್ಕೂ ತಗಡಿನ ಪಟ್ಟಿಯೊಂದನ್ನು ಕೂರಿಸಿ, ಪಟ್ಟಿಗೂ ರೆಕ್ಕೆಗೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟೆ. ಆ ಸಂದಿಯಲ್ಲಿ ನುಗ್ಗಿದ ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಂಡೇ ಹೋಗುತ್ತದೆ. ಮೂಗು ಎಷ್ಟು ಎತ್ತಿದರೂ ವಿಮಾನ ದಬಕ್ಕನೆ ಬೀಳುವುದಿಲ್ಲ. ಹೊರಡುವಾಗ ಬಾಲಕ್ಕೆ ಹಗ್ಗ ಕಟ್ಟಿ ಹಗ್ಗಜಗ್ಗಾಟದ ತಂಡದ ಕೈಗೆ ಕೊಡುತ್ತೇವೆ. ಸಾಹೇಬರು ಪೂರಾ ರೇಸ್ ಕೊಡುವವರೆಗೂ ಅವರು ಹಿಮ್ಮಡಿ ಊರಿ ಹಿಡಿದಿರುತ್ತಾರೆ, ನಾನು ಸೀಟಿ ಊದಿದ ತಕ್ಷಣ ಬಿಡುತ್ತಾರೆ. ಬಾಣ ಬಿಟ್ಟ ಹಾಗೆ ಹೋಗುತ್ತದೆ.

ಇಷ್ಟೆಲ್ಲ ಆದಮೇಲೆ ಉಳಿಯುವುದು ತೂಕ. ವಿಮಾನದ ಬಣ್ಣ ಕೆರೆದು ತೆಗೆದೆ, ಬಣ್ಣಕ್ಕೂ ತೂಕ ಇರುತ್ತದೆ. ಬಾಗಿಲು ಕಿತ್ತೆ. ಕೊನೆಗೆ ಹಿಂದಿನ ಸೀಟನ್ನೂ ಕಿತ್ತೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಪಂಕಜ ಗಿಣಿಹಸಿರು ಸೀರೆ ಉಟ್ಟು ನನ್ನ ಜೊತೆ ಕೆಳಗಿನೂರಿಗೆ ಹೋಗಿ ಐಸ್‌ಕ್ರೀಂ ತಿಂದು ಬಂದದ್ದು ಆ ಸೀಟಿನ ಮೇಲೆ ಕೂತೇ. ಕಿತ್ತ ದಿನ ಅವಳು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದನ್ನು ನಾನು ಒಪ್ಪಿಗೆ ಅಂದುಕೊಂಡೆ.

ಇನ್ನು ನನ್ನ ಮಾವ ವರದಯ್ಯನವರು. ಬಯಲಿನ ಆ ತುದಿಯಲ್ಲಿ, ನಮ್ಮ ಮನೆಗೆ ಸರಿಯಾಗಿ ಎದುರಿಗೆ ಅವರ ಮನೆ. ಹಿತ್ತಾಳೆ ತಾಮ್ರದ ಪಾತ್ರೆ ವ್ಯಾಪಾರ. ಒಂದು ಲೋಟ ಕೊಟ್ಟರೂ ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ, "ತೂಕ ನೋಡಿ ಅಳಿಯಂದಿರೇ, ತೂಕ" ಅನ್ನುವ ಮನುಷ್ಯ. ಸ್ಟೀಲಿನ ಪಾತ್ರೆಯಲ್ಲಿ ನೀರು ಕೊಟ್ಟರೆ ಕುಡಿಯುವುದಿಲ್ಲ. ನಾನು ಹಗುರ ಮಾಡುವುದರಲ್ಲಿ ಜೀವ ತೇಯ್ದವನು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತರೆ ಹೆಂಗಸರು ಬೇಗಬೇಗ ಬಡಿಸಿ ಎಬ್ಬಿಸುತ್ತಿದ್ದರು.

ಈ ಮಾವ ಹೋದ ವರ್ಷ ಮನೆಯ ಮೇಲೆ ಮಹಡಿ ಕಟ್ಟಿಸಿದರು. ಎದುರು ಸಾಲು ಹತ್ತಿರ ಬಂದು ನಡುಮನೆಯಲ್ಲಿ ಕೂತರೆ ಎಲ್ಲರಿಗೂ ಕಾಣುತ್ತದೆ, ನೆಮ್ಮದಿಯಾಗಿ ಮೈಗೆ ಎಣ್ಣೆ ಹಚ್ಚಿಕೊಳ್ಳಲೂ ಆಗುವುದಿಲ್ಲ ಅನ್ನುವುದು ಅವರ ಕಾರಣ. ಇರಬಹುದು. ಆದರೆ ವಿಮಾನದ ದಾರಿಯಲ್ಲೇ ಕಟ್ಟಬೇಕಿತ್ತೇ? ಮಹಡಿ ಎದ್ದ ವಾರದಲ್ಲೇ ಆಗಬಾರದ್ದು ಆಯಿತು. ದಸ್ತಗೀರ್ ಸಾಹೇಬರು ಎಷ್ಟು ಎತ್ತಿದರೂ ವಿಮಾನದ ಚಕ್ರ ಮಹಡಿಯ ಮೇಲೆ ಒಣಹಾಕಿದ್ದ ಮಾವನ ಜರಿಪಂಚೆಯನ್ನು ಹಗ್ಗದಿಂದ ಎತ್ತಿಕೊಂಡು ಹೋಯಿತು. ಕೆಳಗಿನೂರಿನಲ್ಲಿ ವಿಮಾನ ಇಳಿಯುವಾಗ ಅಲ್ಲಿನವರು ಯಾವುದೋ ದೊಡ್ಡವರ ಬಾವುಟ ಇರಬೇಕು ಅಂತ ಎದ್ದು ನಿಂತು ಕೈ ಮುಗಿದರಂತೆ. ಮಾರನೇ ದಿನ ಪಂಚೆ ಇಸ್ತ್ರಿಯಾಗಿ ವಾಪಸು ಬಂತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಮಾವ ನಮ್ಮ ಮನೆಗೆ ಬಂದರು.

"ನನ್ನ ಪಂಚೆಗೆ ಊರೂರಲ್ಲಿ ನಮಸ್ಕಾರ ಮಾಡಿಸ್ತೀರಾ?" ಅಂದರು.

"ಮಹಡಿ ಕೆಡವಿಸಿ ಮಾವ. ಪಂಚೆ ಪಾಡಿಗೆ ಪಂಚೆ ಇರುತ್ತೆ" ಅಂದೆ.

"ನೀವು ವಿಮಾನ ಕೆಡವಿ. ಮಹಡಿ ಪಾಡಿಗೆ ಮಹಡಿ ಇರುತ್ತೆ."

ಮಾತಿಗೆ ಮಾತು ಬೆಳೆಯಿತು. ಅವರು ಮಗಳ ಮದುವೆಗೆ ಕೊಟ್ಟ ಹಿತ್ತಾಳೆ ಹಂಡೆಯನ್ನು ನೆನಪಿಸಿದರು. ಆ ಹಂಡೆ ಎತ್ತುವುದಕ್ಕೆ ನಾಲ್ಕಾಳು ಬೇಕು, ಬಚ್ಚಲಲ್ಲಿ ಒಂದು ಸಲ ಕೂರಿಸಿದ್ದು ಈವರೆಗೆ ಕದಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮ ಮನೆಯಿಂದ ಬಂದದ್ದೆಲ್ಲಾ ನನಗೆ ಭಾರವೇ" ಅಂದುಬಿಟ್ಟೆ.

ಪಂಕಜ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ನಾನೂ ಅಲ್ಲಿಂದಲೇ ಬಂದವಳು" ಅಂದಳು. ಅಷ್ಟೇ. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಅಪ್ಪನ ಹಿಂದೆ ಬಯಲು ದಾಟಿ ಹೋದಳು. ನಾನು ಹಂಡೆಗೆ ಅಂದದ್ದು, ನಿನಗಲ್ಲ ಅಂತ ಹೇಳಲು ಓಡಬೇಕಿತ್ತು. ಜಗಲಿಗಳ ತುಂಬ ಜನ ಕೂತು ನೋಡುತ್ತಿದ್ದರು, ನನ್ನ ಕಾಲು ಏಳಲಿಲ್ಲ.

ಮಾರನೇ ಬೆಳಗ್ಗೆ ಅವಳು ಮಹಡಿಯ ಮೇಲೆ ಬಂದು, ಕಟಕಟೆ ಗೋಡೆಯ ಮೇಲೆ ಲೋಟವೊಂದನ್ನು ಬೋರಲು ಹಾಕಿ, ಅದರ ಮೇಲೆ ನೀರು ತುಂಬಿದ ಹಿತ್ತಾಳೆ ಚೊಂಬು ಇಟ್ಟಳು. ಮಾವನ ಅಂಗಡಿಯ ಚೊಂಬು, ಬರೀ ಗಾಳಿಗೆಲ್ಲ ಅಲ್ಲಾಡುವಂಥದ್ದಲ್ಲ. ಆಮೇಲೆ ಇಡೀ ಊರಿಗೆ ಕೇಳಿಸುವ ಹಾಗೆ ಕೂಗಿ ಹೇಳಿದಳು: "ಈ ಚೊಂಬು ಬೀಳದ ಹಾಗೆ ನಿಮ್ಮ ವಿಮಾನ ಯಾವತ್ತು ಹೋಗುತ್ತೋ ಅವತ್ತು ಬರ್ತೀನಿ. ಅಲ್ಲೀವರೆಗೆ ನಿಮ್ಮ ಹಗುರ ನಿಮಗೆ, ನಮ್ಮ ಭಾರ ನಮಗೆ."

ಅವತ್ತಿನಿಂದ ಊರಿಗೆ ಬೆಳಗ್ಗಿನ ಕಾಫಿಯ ಜೊತೆ ಇದೊಂದು ಆಟವಾಯಿತು. ಸೀಟಿ, ಹಗ್ಗ, ವಿಮಾನ, ಆಮೇಲೆ ಢಣ್. ಚಕ್ರ ಒಂದು ಚೂರು ತಗುಲಿದರೂ ಢಣ್, ತಗುಲದೆ ಹತ್ತಿರದಲ್ಲಿ ರಪ್ಪನೆ ಹೋದರೂ ಢಣ್. ಮಾವ ಮಹಡಿಯಿಂದ ಎರಡು ಕೈ ಎತ್ತಿ ಎಲ್ಲ ಜಗಲಿಗಳಿಗೂ ತೋರಿಸುತ್ತಿದ್ದರು. ಪಂಕಜ ಚೊಂಬು ಎತ್ತಿಕೊಂಡು ನೀರು ತುಂಬಿಸಲು ಒಳಗೆ ಹೋಗುವಳು. ಹೋಗುವ ಮುಂಚೆ ಒಂದು ಸಲ ಈ ಕಡೆ ನೋಡುತ್ತಿದ್ದಳು. ಆ ಒಂದು ನೋಟಕ್ಕೋಸ್ಕರ ನಾನು ದಿನವಿಡೀ ರೆಕ್ಕೆಯ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸುತ್ತಿದ್ದೆ ಅಂದರೆ ನೀವು ನಗಬಹುದು, ನಗಿ.

ನನ್ನ ಕಷ್ಟಕ್ಕೆ ಬಲಿಯಾದವರು ದಸ್ತಗೀರ್ ಸಾಹೇಬರು. ಒಳ್ಳೆ ಆಳು, ಒಳ್ಳೆ ಊಟದ ಮನುಷ್ಯ. ಮೊದಲು ಅವರ ಊಟದ ಡಬ್ಬಿ ನಿಲ್ಲಿಸಿ, ಎರಡು ಬೇಯಿಸಿದ ಗೆಣಸಿಗೆ ಇಳಿಸಿದೆ. ಆಮೇಲೆ ಬೂಟು. ಆಮೇಲೆ ಪ್ಯಾಂಟು ಬೇಡ, ಲುಂಗಿ ಸಾಕು ಅಂದೆ. ಒಂದು ಬೆಳಗ್ಗೆ ಅವರ ಮುಖವನ್ನೇ ದಿಟ್ಟಿಸುತ್ತಿದ್ದೆ.

"ಏನು ನೋಡ್ತಿದ್ದೀಯ ಮೇಸ್ತ್ರಿ?" ಅಂದರು.

"ಮೀಸೆ" ಅಂದೆ.

"ಮೀಸೆ ಮುಟ್ಟಿದರೆ ನಾನು ಕತ್ತೆ ಮೇಲೆ ಟಪಾಲು ತರ್ತೀನಿ. ನಿನ್ನ ಹೆಂಡತಿಗೆ ನೀನು ಒಂದು ಮಾತು ತಪ್ಪಾಯ್ತು ಅಂದರೆ ಈ ದೇಶಕ್ಕೆ ಒಂದು ಮೀಸೆ ಉಳಿಯುತ್ತೆ. ಹೋಗಿ ಹೇಳಯ್ಯ."

"ಹೇಗೆ ಹೇಳಲಿ ಸಾಹೇಬರೇ, ಎರಡೂ ಕಡೆ ಜಗಲಿ ತುಂಬ ಜನ ಇರ್ತಾರೆ."

"ಹಾಗಾದರೆ ನಾನು ಗೆಣಸು ತಿಂದುಕೊಂಡೇ ಸಾಯ್ತೀನಿ" ಅಂತ ಹತ್ತಿ ಕೂತರು. ಪಾಪ, ಆ ತಿಂಗಳಲ್ಲಿ ಅವರ ಲುಂಗಿ ಎರಡು ಸುತ್ತು ಹೆಚ್ಚು ಬರುವಂತಾಗಿತ್ತು.

ಒಂದು ವಿಷಯ ಸಾಹೇಬರಿಗೂ ಹೇಳಿರಲಿಲ್ಲ. ಪಂಕಜ ಹೋಗುವಾಗ ಉಟ್ಟ ಬಟ್ಟೆಯಲ್ಲೇ ಹೋಗಿದ್ದಳು, ಅವಳ ಟ್ರಂಕು ಇಲ್ಲೇ ಇತ್ತು. ಆ ಗಿಣಿಹಸಿರು ಸೀರೆ ಅದರಲ್ಲೇ ಮೇಲುಗಡೆ ಇತ್ತು. ಮಡಿಕೆಯಲ್ಲೇ ಇದ್ದರೆ ಹುಳ ಹಿಡಿಯುತ್ತೆ ಅಂತ ಒಂದು ಶುಕ್ರವಾರ ಒಗೆದು ಹಿತ್ತಿಲಲ್ಲಿ ಒಣಹಾಕಿದೆ. ಎರಡು ಪಪ್ಪಾಯಿ ಗಿಡದ ನಡುವೆ, ಬಯಲಿನ ಕಡೆಯಿಂದ ಯಾರಿಗೂ ಕಾಣದ ಜಾಗದಲ್ಲಿ. ಗಾಳಿಗೆ ಅದು ತುಂಬಿಕೊಂಡು ಎದ್ದು ನಿಂತದ್ದನ್ನು ನೋಡಿದೆ. ಮುಂದಿನ ಶುಕ್ರವಾರವೂ ಒಗೆದೆ. ಯಾರೂ ಉಡದ ಸೀರೆಯನ್ನು ವಾರವಾರ ಒಗೆಯುವುದಕ್ಕೆ ಹುಳದ ನೆಪ ಸಾಲದು ಅಂತ ನನಗೂ ಗೊತ್ತಿತ್ತು. ಅವಳಿಲ್ಲದ ಮನೆ ನನಗೆ ಬೇಡವಾಗಿತ್ತು, ಅಷ್ಟೆ ವಿಷಯ.

ಯುಗಾದಿ ಹತ್ತಿರ ಬಂತು. ಈ ಸಲ ಬಯಲು ಮತ್ತೆ ಕುಗ್ಗಿದರೆ ಆ ಮಹಡಿಯ ಮೇಲೆ ವಿಮಾನ ಹಾರಿಸುವುದು ಕನಸಿನಲ್ಲೂ ಆಗದ ಮಾತು. ವಿಮಾನವೂ ಹೋಯಿತು, ಪಂಕಜಳೂ ಹೋದಳು ಅಂತಲೇ ಲೆಕ್ಕ. ಹಬ್ಬದ ಹಿಂದಿನ ದಿನವೇ ಕೊನೆಯ ಅವಕಾಶ. ನಾನು ಕೈಯಲ್ಲಿದ್ದ ವಿದ್ಯೆಯನ್ನೆಲ್ಲ ಒಟ್ಟಿಗೆ ಸುರಿದೆ. ಫ್ಲ್ಯಾಪು ಮಾತ್ರವಲ್ಲ, ರೆಕ್ಕೆಯ ಹಿಂದಿನ ಅಂಚು ತುದಿಯವರೆಗೂ ಕೆಳಗೆ ಬಾಗುವ ಹಾಗೆ ಮಾಡಿದೆ. ಎಣ್ಣೆಡಬ್ಬದ ತಗಡನ್ನು ಉಗುರಿನಷ್ಟು ಉಗುರಿನಷ್ಟು ಕತ್ತರಿಸಿ ರೆಕ್ಕೆಯ ಬೆನ್ನ ಮೇಲೆ ಸಾಲಾಗಿ ನಿಲ್ಲಿಸಿದೆ, ಅವು ಗಾಳಿಯನ್ನು ಕೆದಕಿ ರೆಕ್ಕೆಗೆ ಒತ್ತಿ ಹಿಡಿಯಲಿ ಅಂತ. ಟಪಾಲಿನ ಚೀಲ ಇಳಿಸಿದೆ. ಪೆಟ್ರೋಲು ಕೆಳಗಿನೂರಿಗೆ ಸಾಲುವಷ್ಟು ಮಾತ್ರ ಬಿಟ್ಟೆ. ಇಷ್ಟು ಮಾಡುವವನು ಅವತ್ತು ಬೀಸುತ್ತಿದ್ದ ಗಾಳಿ ಎಂಥದ್ದು ಅಂತ ಒಂದು ಸಲ ತಲೆಯೆತ್ತಿ ನೋಡಬೇಕಿತ್ತು. ನನ್ನ ತಲೆಯಲ್ಲಿ ಇದ್ದದ್ದು ಬೇಗ ಏಳಬೇಕು ಅನ್ನುವುದೊಂದೇ. ಎದ್ದಮೇಲೆ ಮುಂದಕ್ಕೂ ಹೋಗಬೇಕು ಅನ್ನುವುದನ್ನು ಮರೆತೇಬಿಟ್ಟಿದ್ದೆ.

ಅಂದು ಮೂಡಣ ಗಾಳಿ ಜಗಲಿಯ ಚಾಪೆಗಳನ್ನು ಎತ್ತಿ ಒಗೆಯುತ್ತಿತ್ತು. ಸಾಹೇಬರು ಅಲ್ಲಾ ಅಂದು ಪೂರಾ ರೇಸ್ ಕೊಟ್ಟರು. ಹಗ್ಗದವರ ಹಿಮ್ಮಡಿ ನೆಲದಲ್ಲಿ ಹೂತುಹೋಯಿತು. ನಾನು ಸೀಟಿ ಊದಿದೆ.

ವಿಮಾನ ಓಡಲೇ ಇಲ್ಲ. ನಿಂತಲ್ಲಿಂದ ಸೀದಾ ಮೇಲಕ್ಕೆ ಎದ್ದಿತು. ತೆಂಗಿನಮರದೆತ್ತರಕ್ಕೆ ಹೋಗಿ, ಅಲ್ಲೇ ನಿಂತುಕೊಂಡಿತು. ಪಂಖ ತಿರುಗುತ್ತಿದೆ, ಎಂಜಿನ್ ಅರಚುತ್ತಿದೆ, ವಿಮಾನ ಮಾತ್ರ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಹಾಗೆ ಇದ್ದಲ್ಲೇ ಇದೆ. ಊರು ಬಾಯಿಬಿಟ್ಟುಕೊಂಡು ನೋಡಿತು. ಹಗ್ಗದವರಲ್ಲಿ ಒಬ್ಬ, "ಬಿಟ್ಟಿದ್ದೀವಿ ಅಣ್ಣ, ಆಣೆ ಮಾಡ್ತೀನಿ, ನಾವು ಬಿಟ್ಟಿದ್ದೀವಿ" ಅಂದ.

ಎದುರಿನಿಂದ ಮಾವನ ಕೂಗು ಗಾಳಿಯಲ್ಲಿ ತೇಲಿಬಂತು: "ಅಲ್ಲೇ ನಿಲ್ಲಿಸೋ ಹಾಗಿದ್ದರೆ ನನ್ನ ಮಹಡಿ ಯಾಕೆ ಕೆಡವಬೇಕಿತ್ತು ಅಳಿಯಂದಿರೇ?"

ಅಷ್ಟರಲ್ಲಿ ಗಾಳಿ ಇನ್ನೊಂದು ಕೈ ಜೋರಾಯಿತು. ವಿಮಾನ ಮೆಲ್ಲಗೆ ಹಿಂದಕ್ಕೆ ಬರತೊಡಗಿತು. ದೇವರಾಣೆಗೂ ಹಿಂದಕ್ಕೆ. ಮೂಗು ಮೂಡಲಿಗೇ ಇದೆ, ಬಾಲ ಮಾತ್ರ ನಮ್ಮ ಮನೆಯ ಕಡೆ ಇಳಿದುಕೊಂಡು ಬರುತ್ತಿದೆ. ಶೆಡ್ಡು ದಾಟಿತು, ನಮ್ಮ ಹೆಂಚಿನ ಸೂರು ದಾಟಿತು. ಬಾಗಿಲಿಲ್ಲದ ಕಡೆಯಿಂದ ಸಾಹೇಬರು ಲುಂಗಿ ಒಂದು ಕೈಲಿ ಹಿಡಿದುಕೊಂಡು ಬಗ್ಗಿ ನನ್ನನ್ನೇ ನೋಡುತ್ತಿದ್ದರು. "ಮೂಗು ಇಳಿಸಿ, ಮೂಗು ಇಳಿಸಿ" ಅಂತ ನಾನು ಎರಡು ಕೈಯಲ್ಲೂ ಬಡಿದುಕೊಂಡೆ. ಬಾಲದ ಪುಟ್ಟ ಚಕ್ರ ಹಿತ್ತಿಲಿಗೆ ಇಳಿದು, ಪಪ್ಪಾಯಿ ಎಲೆಗಳನ್ನು ಸವರಿತು. ಆಗ ನನಗೆ ನೆನಪಾಯಿತು ಅವತ್ತು ಶುಕ್ರವಾರ ಅಂತ.

ಟಪ್ ಅಂತ ಬಟ್ಟೆ ಒಣಹಾಕುವ ಹಗ್ಗ ಹರಿದ ಸದ್ದಾಯಿತು. ಸಾಹೇಬರು ಮೂಗು ಇಳಿಸಿದರು, ಬಾಲ ಎದ್ದಿತು, ವಿಮಾನ ತಡವರಿಸಿ ಮುಂದಕ್ಕೆ ನುಗ್ಗಿತು. ಬಾಲದ ಚಕ್ರಕ್ಕೆ ಸಿಕ್ಕಿಕೊಂಡು, ಇಡೀ ಬಯಲಿನ ಮೇಲೆ, ಪಡುವಣ ಜಗಲಿ ಮೂಡಣ ಜಗಲಿ ಎರಡರ ಕಣ್ಣೆದುರಿಗೂ ಬಿಚ್ಚಿಕೊಂಡು ಹೋಯಿತು ಆ ಗಿಣಿಹಸಿರು ಸೀರೆ. ಎಲ್ಲರೂ ಮೇಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹೆಂಡತಿ ಮನೆಬಿಟ್ಟು ಹೋದವನ ಹಿತ್ತಿಲಲ್ಲಿ ಒದ್ದೆ ಸೀರೆ ಹೇಗೆ ಬಂತು ಅಂತ ಒಬ್ಬೊಬ್ಬರಿಗೂ ಅರ್ಥವಾಗುತ್ತಾ ಹೋದದ್ದು ನನಗೆ ಅವರ ಮುಖದಲ್ಲೇ ಕಾಣುತ್ತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಮ್ಮೂರ ಭೂಮಿ ಕುಗ್ಗುತ್ತದೆಯೇ ಹೊರತು ಬಾಯಿಬಿಡುವುದಿಲ್ಲ.

ವಿಮಾನ ಏರಿತು. ಮಾವನ ಮಹಡಿಯ ಮೇಲೆ ಇನ್ನೂ ಒಂದು ಮಹಡಿ, ಅದರ ಮೇಲೆ ಇನ್ನೊಂದು ಕಟ್ಟಿದ್ದರೂ ತಗುಲದಷ್ಟು ಎತ್ತರದಲ್ಲಿ ದಾಟಿತು. ಕಟಕಟೆಯ ಮೇಲೆ ಲೋಟ, ಲೋಟದ ಮೇಲೆ ಚೊಂಬು, ಕದಲಲಿಲ್ಲ. ಒಂದು ಕ್ಷಣ ನನ್ನ ಎದೆ ತುಂಬಿ ಬಂತು. ಅಷ್ಟರಲ್ಲಿ ಸೀರೆ ಚಕ್ರದಿಂದ ಬಿಡಿಸಿಕೊಂಡಿತು. ನೀರು ಕುಡಿದ ಸೀರೆ, ಸೀದಾ ಕೆಳಕ್ಕೆ ಬಂದು ಮಹಡಿಯ ಮೇಲೆ ಬಿತ್ತು, ಚೊಂಬಿನ ಮೇಲೇ.

ಢಣ್.

ನಾನು ಬಯಲಿನಲ್ಲಿ ಇದ್ದಲ್ಲೇ ಕುಕ್ಕರಿಸಿದೆ. ವಿಮಾನ ಕೆಳಗಿನೂರಿನ ಕಡೆ ಚುಕ್ಕಿಯಾಯಿತು. ಮಾವ ಅಭ್ಯಾಸಬಲದಿಂದ ಎರಡೂ ಕೈ ಎತ್ತಿದವರು ಯಾಕೋ ಇಳಿಸಿಕೊಂಡರು. ನಾಳೆ ಹಬ್ಬ. ನಾಳೆಯಿಂದ ಆ ಮನೆ ಇನ್ನೂ ಹತ್ತಿರ ಬಂದು ನಿಲ್ಲುತ್ತದೆ, ದಿನಾ ಕಣ್ಣೆದುರು ಅವಳು ಚೊಂಬಿಗೆ ನೀರು ತುಂಬಿಸುವುದನ್ನು ನೋಡಿಕೊಂಡು ಬದುಕಬೇಕಲ್ಲ ಅಂತ ಅಳು ಬಂತು. ತಲೆ ಬಗ್ಗಿಸಿ ಕೂತೆ.

ಕಣ್ಣಮುಂದೆ ಎರಡು ಪಾದ ಬಂದು ನಿಂತವು. ಕಾಲುಂಗುರ ಗೊತ್ತಿದ್ದದ್ದೇ. ತಲೆ ಎತ್ತಿದೆ. ಪಂಕಜಳ ಒಂದು ಕೈಯಲ್ಲಿ ನೆಗ್ಗಿದ ಚೊಂಬು, ಇನ್ನೊಂದು ತೋಳಿನ ಮೇಲೆ ನೀರಿಳಿಯುತ್ತಿದ್ದ ಸೀರೆ.

"ಚೊಂಬು ಬಿತ್ತು" ಅಂದೆ.

"ಬಿತ್ತು" ಅಂದಳು. "ಇದನ್ನ ಒಗೆದದ್ದು ಯಾರು?"

"ನಾನೇ."

"ಯಾರು ಉಟ್ಟಿದ್ದರು ಅಂತ ಒಗೆದಿರಿ?"

ಎರಡು ಸಾಲಿನ ಜಗಲಿಗಳೂ ಉಸಿರು ಹಿಡಿದು ಕೂತಿದ್ದವು. ಇನ್ನು ಮುಚ್ಚಿಡಲು ಉಳಿದಿದ್ದಾದರೂ ಏನು? "ತಪ್ಪಾಯ್ತು ಪಂಕಜ" ಅಂದೆ. "ನೀನಿಲ್ಲದೆ ಆಗಲ್ಲ ನನಗೆ."

ಅವಳು ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು. "ಬಣ್ಣ ಎಲ್ಲ ಹೋಗಿದೆ. ಹಿಂಡೋಕೂ ಬರಲ್ಲ ನಿಮಗೆ. ನೋಡಿ ಹೇಗೆ ಸುರೀತಿದೆ" ಅಂದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಅವಳು ಆ ಕಡೆ ತಿರುಚಿದಳು, ನಾನು ಈ ಕಡೆ ತಿರುಚಿದೆ. ನೀರೆಲ್ಲ ಬಯಲಿನ ಮಣ್ಣಿಗೆ ಹೋಯಿತು.

"ಅದು ಸರಿ" ಅಂದಳು, ಸೀರೆ ಹಿಂಡುತ್ತಲೇ. "ವಿಮಾನ ಹಿಂದಕ್ಕೆ ಯಾಕೆ ಬಂತು?"

"ಹಗುರ ಜಾಸ್ತಿ ಆಯ್ತು. ಗಾಳಿಗೆ ನಿಲ್ಲಲಿಲ್ಲ."

"ಈಗ ಅದಕ್ಕೇನು ಮಾಡಬೇಕು?"

"ಹಿಂದಿನ ಸೀಟು ಮತ್ತೆ ಹಾಕಬೇಕು" ಅಂದೆ. "ಸೀಟಿನ ಮೇಲೆ ಏನಾದರೂ ಭಾರ ಇಡಬೇಕು."

ಅವಳು ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಂಡಳು. "ನಮ್ಮ ಮನೆಯಿಂದ ಬಂದದ್ದು ಯಾವುದಾದರೂ ಆಗುತ್ತಾ?" ಅಂದಳು.

ಆಗುತ್ತೆ ಅಂದೆ. ಅವಳು ನಕ್ಕಳು. ಗಂಟಲು ಬಿಚ್ಚಿ ಕೂಗುವುದೇನೂ ಬೇಕಾಗಲಿಲ್ಲ, ಅವಳ ನಗು ಆ ಕಡೆಯ ಜಗಲಿಗೂ ಈ ಕಡೆಯ ಜಗಲಿಗೂ ಕೇಳಿಸಿತು. ಬಯಲು ಚಿಕ್ಕದಾದದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನ್ನಿಸಿದ್ದು ಅವತ್ತೇ ಮೊದಲು.